ಗಿಣಿ ಅಚ್ಚಿನ ಸೋಬಾನೆ

ನಿಮ್ಮ ಹಾಡಿನ ಡಬ್ಬಿಗೆ ಇರುವೆ ಮುತ್ಕಂಡ್ರೆ ಏನ್ ಮಾಡ್ತೀರಿ? ಊದ್ತೀರಿ, ಕೊಡವ್ತೀರಿ, ಆಮೇಲೆ ತಗಂಡೋಗಿ ಬಿಸಿಲಿಗೆ ಇಡ್ತೀರಿ. ಇಟ್ರೋ, ಕೆಟ್ರಿ! ಒಳಗಿರೋ ಹಾಡೆಲ್ಲ ಮೆತ್ತಗಾಗಿ ಒಂದಕ್ಕೊಂದು ಅಂಟ್ಕಂಡು, ಜೋಗುಳ ಹಾಕಿದ್ರೆ ಭಜನೆ ಬತ್ತದೆ, ಭಜನೆ ಹಾಕಿದ್ರೆ ಕಬಡ್ಡಿ ಕಾಮೆಂಟ್ರಿ ಬತ್ತದೆ. ಆಗ ಎದ್ನೋ ಬಿದ್ನೋ ಅಂತ ನನ್ನತ್ರ ಓಡ್ಬತ್ತೀರಿ. ಪಾಂಡವಪುರ ಬಸ್ ಸ್ಟ್ಯಾಂಡ್ ಹಿಂದೆ, ಕಬ್ಬಿನ ಹಾಲಿನ ಗಾಡಿ ಪಕ್ಕ. ಸಿಂಗ್ರಯ್ಯನ ಹಾಡಿನಂಗಡಿ ಎಲ್ಲಿ ಅಂದ್ರೆ ಬೀದಿ ನಾಯೂ ಬಾಲ ಎತ್ತಿ ತೋರಿಸ್ತದೆ.

ಹಿಂದೆ ಹಿಂಗಿರಲಿಲ್ಲ. ಹಾಡನ್ನ ಉಗುರಗಲದ ಕರೀ ಕಾರ್ಡಲ್ಲಿ ತುಂಬ್ತಿದ್ರು. ಅದನ್ನ ಮಾಡೋ ಸಾಮಾನು ದೇಶದೇಶದಲ್ಲೂ ಮುಗ್ದೋಗಿ, ಕಾರ್ಡು ಅಂದ್ರೆ ವಜ್ರ ಅನ್ನೋ ಹಂಗಾಯ್ತು. ಹಾಡಿಲ್ದೆ ಜನ ಹೆಂಗಿರ್ತಾರೆ? ನಾಟಿ ಹಾಕೋರು ಕೈ ನಿಲ್ಲಿಸಿದ್ರು. ಬಸ್ ಡ್ರೈವರ್‌ಗಳು ತೂಕಡಿಸ್ತಿದ್ರು. ಅಂಥ ಟೈಮಲ್ಲಿ ಮೈಸೂರಿನ ಒಂದು ಲ್ಯಾಬಲ್ಲಿ ತಸ್ಲೀಮಾ ಮೇಡಂ ಅನ್ನೋರು ಸಕ್ಕರೇಲಿ ಹಾಡು ನಿಲ್ಲಿಸಿದ್ರು. ಹೂಂ ಕಣ್ರೀ, ಸಕ್ಕರೇಲಿ! ಪಾಕ ಗಟ್ಟಿಯಾಗುವಾಗ ಹರಳುಗಳು ಸಾಲು ಹಿಡ್ದು ನಿಂತ್ಕತಾವಂತೆ. ಆ ಹೊತ್ನಲ್ಲಿ ಪಕ್ಕದಲ್ಲಿ ಹಾಡು ನುಡಿಸಿದ್ರೆ, ಹಾಡಿಗೆ ತಕ್ಕಂಗೆ ನಡುಗ್ತಾ ನಡುಗ್ತಾ ಹಂಗೇ ಹೆಪ್ಪಾಗ್ಬುಡ್ತಾವೆ. ಆಮೇಲೆ ಒಂದು ತಂತಿ ಬಳೆ ಹತ್ರ ತಂದು ಕಚಗುಳಿ ಇಟ್ರೆ, ಅದೇ ನಡುಕ ವಾಪಸ್ ಬತ್ತದೆ, ಡಬ್ಬಿ ಹಾಡ್ತದೆ. ಇನ್ನೂ ಏನೇನೋ ಐತೆ. ಮೇಡಂ ಬೋರ್ಡ್ ಮೇಲೆ ಬರ್ದು ಬರ್ದು ತೋರಿಸ್ದ್ರು, ನಾನು ಹೂಂ ಹೂಂ ಅಂದೆ.

ಮೊದಮೊದಲು ಲ್ಯಾಬಿನೋರು ಚೌಕದ ಗಡ್ಡೆ ಮಾಡಿ ಕಳಿಸ್ತಿದ್ರು. ನಮ್ಮ ಸೀಮೆ ಹೆಂಗಸರು ನೋಡಿ ಮೂಗು ಮುರಿದ್ರು. "ಇದೇನು ಸೋಪಾ?" ಅಂದ್ರು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡೋ ಮರದ ಮಣೆ ಮನೆ ಮನೇಲೂ ಇತ್ತಲ್ಲ, ಅದರಲ್ಲೇ ಆ ಪಾಕ ಹುಯ್ದು ಆನೆ, ಕೋಳಿ, ಬಾಳೆಗೊನೆ, ತುಳಸಿಕಟ್ಟೆ, ಎಲ್ಲ ಮಾಡ್ಕಂಡ್ರು. ನಮ್ಮ ಊರಲ್ಲಿ ಯಾರ ಡಬ್ಬಿ ತೆಗೆದ್ರೂ ಒಳಗೊಂದು ಆನೆ ಕೂತಿರ್ತಿತ್ತು.

ಅಚ್ಚು ತುಂಬೋಯ್ತು, ಹಾಡು ಹಿಡೀತಿಲ್ಲ ಅಂದ್ರೆ ನಾನು ಮೇಲೊಂದು ಪದರ ಪಾಕ ಕೊಡ್ತಿದ್ದೆ. ಆನೆ ದಪ್ಪಗಾಗೋದು, ಜಾಗ ಆಗೋದು. ಬ್ಯಾಡದ ಹಾಡು ತೆಗೀಬೇಕು ಅಂದ್ರೆ ಮೇಲಿನ ಪದರ ನೆಕ್ಕಿ ತೆಗೀತಿದ್ದೆ. ನನಗಿರೋ ಸಕ್ಕರೆ ಕಾಯಿಲೆ ಹಂಗೇ ಬಂದದ್ದು. ಡಾಕ್ಟ್ರು "ಸ್ವೀಟ್ ಜಾಸ್ತಿ ತಿಂತೀಯೇನಯ್ಯಾ?" ಅಂದ್ರು. "ಇಲ್ಲ ಸಾರ್, ಜನ ಕೆಟ್ಟ ಕೆಟ್ಟ ಹಾಡು ತುಂಬಿಸ್ಕತಾರೆ" ಅಂದೆ.

ಈಗ ದೇವೀರಕ್ಕನ ವಿಷಯಕ್ಕೆ ಬತ್ತೀನಿ.

ದೇವೀರಕ್ಕ ಅಂದ್ರೆ ಸುತ್ತಲ ಹಳ್ಳೀಲೆಲ್ಲ ಮದುವೆಗೆ ಸೋಬಾನೆ ಹೇಳೋಳು. ಅರಿಸಿನ ಹಚ್ಚೋವಾಗೊಂದು, ಧಾರೆಗೊಂದು, ಬೀಗರನ್ನ ಆಡ್ಕಳಕ್ಕೊಂದು, ಹೆಣ್ಣು ಒಪ್ಪಿಸ್ಕೊಡೋವಾಗೊಂದು. ಅವಳು ಒಪ್ಪಿಸೋ ಪದ ಶುರು ಮಾಡಿದ್ರೆ ಅಡುಗೆ ಭಟ್ರು ಸೌಟು ಕೆಳಗಿಟ್ಟು ಅಳ್ತಿದ್ರು. ಅಂಥೋಳ ಗಂಟಲಲ್ಲಿ ಗಡ್ಡೆ ಬಂತು. ಆಪರೇಷನ್ ಆದ್ರೆ ಜೀವ ಉಳೀತದೆ, ದನಿ ಉಳಿಯಲ್ಲ ಅಂದ್ರು. ಆಪರೇಷನ್‌ಗೆ ಮುಂಚೆ ನನ್ನಂಗಡೀಲೇ ಕೂತು ಅಷ್ಟೂ ಪದ ಹೇಳಿ, ಒಂದು ಗಿಣಿ ಅಚ್ಚಿಗೆ ತುಂಬಿಸಿದ್ಲು. ಮೊದಲು ಹೇಳಿದ್ದು ಒಪ್ಪಿಸೋ ಪದ, ಅದು ಗಿಣಿ ಹೊಟ್ಟೆ ನಡುವೆ ಕೂತ್ಕಂತು. ಮಿಕ್ಕಿದ್ದು ಅದರ ಸುತ್ತ ಪದರ ಪದರವಾಗಿ.

ಆಮೇಲೂ ಮದುವೆ ಬುಡಲಿಲ್ಲ ಅವಳು. ಡಬ್ಬಿ ಮಡಿಲಲ್ಲಿ ಕಟ್ಕಂಡು, ಮೇಲೆ ಸೆರಗು ಹೊದ್ದು, ಹಸೆಮಣೆ ಪಕ್ಕ ನಿಂತ್ಕಂಡು ಬಾಯಿ ಆಡಿಸೋಳು. ಒಂದು ಅಕ್ಷರ ತಪ್ಪಲ್ಲ! ಉಸಿರು ಎಳ್ಕಳೋ ಜಾಗದಲ್ಲಿ ಉಸಿರು ಎಳ್ಕತಿದ್ಲು, ಕೆಮ್ಮೋ ಜಾಗದಲ್ಲಿ ಕೆಮ್ತಿದ್ಲು. ಗೊತ್ತಿದ್ದೋರು ಗೊತ್ತಿಲ್ದಂಗೆ ಇರ್ತಿದ್ರು. ಗೊತ್ತಿಲ್ದೋರು ಕೈ ಮುಗೀತಿದ್ರು. ಮಾತೆಲ್ಲ ಕೈಸನ್ನೆ. ಬೈಗುಳನೂ ಕೈಲೇ. ದನಿ ಇದ್ದೋರಿಗಿಂತ ಜೋರಾಗಿ ಬೈಯ್ತಿದ್ಲು.

ಒಂದು ಮದುವೇಲಿ ಗ್ರಾಚಾರ ಕೆಡ್ತು. ಮೈ ಶಾಖಕ್ಕೆ ಗಿಣಿ ಪಕ್ಕೆ ಮೆತ್ತಗಾಗಿತ್ತು. ಹೆಣ್ಣು ಒಪ್ಪಿಸ್ಕೊಡ್ತಾವ್ರೆ, ಅವ್ವ ಮಗಳು ತಬ್ಕಂಡು ಅಳ್ತಾವ್ರೆ, "ಹೋಗಿ ಬಾರವ್ವ ಕಂದಾ" ಅಂತಿದ್ದ ಡಬ್ಬಿ ತಟಕ್ ಅಂತ ಜಿಗಿದು, "ಬೀಗಣ್ಣ ಉಂಡೆದ್ದ, ನಾಯಿಗೂ ಏನೂ ಮಿಕ್ಕಿಲ್ಲ" ಅಂದ್ಬುಡ್ತು! ಗಂಡಿನ ಅಪ್ಪ ಕೈಲಿದ್ದ ಎಲೆ ಅಡಿಕೆ ಕೆಳಗೆ ಹಾಕ್ದ. ದೇವೀರಕ್ಕ ಬಾಯಿ ಮುಚ್ಚಿದ್ಲು, ಡಬ್ಬಿ ಮುಚ್ಚಲಿಲ್ಲ.

ಮಾರನೇ ಬೆಳಿಗ್ಗೆ ನನ್ನಂಗಡಿ ಬಾಗಿಲಲ್ಲಿ ನಿಂತು ಎರಡು ಕೈಲೂ ಶುರು ಮಾಡಿದ್ಲು.

"ತಡ್ಯಕ್ಕ, ತಡ್ಯಕ್ಕ, ಮೆಲ್ಲಗೆ ಬಯ್ಯಿ, ಅರ್ಥ ಆಗ್ತಿಲ್ಲ" ಅಂದೆ.

ಅವಳು ಗಿಣಿ ತೆಗೆದು ಬೆಂಚ್ ಮೇಲೆ ಕುಕ್ಕಿದ್ಲು. ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಒಂದು ರೆಕ್ಕೆ ಒರಗಿತ್ತು. ಬಳೆ ಹಿಡಿದು ನೋಡಿದ್ರೆ ಒಳಗೆ ಪದಗಳೆಲ್ಲ ಜಾತ್ರೇಲಿ ಕೈ ಬುಟ್ಟ ಮಕ್ಕಳಂಗೆ ದಿಕ್ಕಾಪಾಲಾಗಿ ಕೂಗಾಡ್ತಿದ್ವು. ಪದರ ಕೊಟ್ರೂ ಇಲ್ಲ, ನೆಕ್ಕಿದ್ರೂ ಇಲ್ಲ, ಇದು ನನ್ನ ಕೈಲಾಗೋ ರಿಪೇರಿ ಅಲ್ಲ. ಇಬ್ರೂ ಮೈಸೂರು ಬಸ್ ಹತ್ತಿದ್ವಿ.

ಲ್ಯಾಬ್ ನೋಡ್ಬೇಕಿತ್ತು ನೀವು! ಒಳಗೆ ಕಾಲಿಟ್ರೆ ಬಾಯಿ ಸಿಹಿಯಾಗ್ತದೆ. ಗಾಜಿನ ಕೋಣೇಲಿ ಗಿಣಿನ ಕೂರಿಸಿ, ತಸ್ಲೀಮಾ ಮೇಡಂ ಗೋಡೆಯಷ್ಟು ದೊಡ್ಡ ಪರದೆ ಮೇಲೆ ಅದರ ಒಳಗನ್ನ ತೋರಿಸ್ದ್ರು. ರಂಗೋಲಿ ಚುಕ್ಕಿ ಹಂಗೆ, ಕೋಟಿಗಟ್ಟಲೆ ಚುಕ್ಕಿ. ಒಂದು ಕಡೆ ಸಾಲು ಸರಿಯಾಗಿತ್ತು, ಇನ್ನೊಂದು ಕಡೆ ಮಗು ಬಂದು ಕಾಲಲ್ಲಿ ಅಳಿಸಿದಂಗಿತ್ತು.

"ಇಲ್ಲಿ ನೋಡಿ ಸಿಂಗ್ರಯ್ಯನವರೇ, ಈ ಹಾಡಿನ ಬಾಲ ಆ ಹಾಡಿನ ತಲೆ ಮೇಲೆ ಕೂತಿದೆ" ಅಂದ್ರು ಮೇಡಂ. "ಬಿಡಿಸಿ ಬಿಡಿಸಿ ಜೋಡಿಸಬೇಕು. ಆಗುತ್ತೆ. ಹೊಸ ಪಾಕ ಕೊಟ್ಟು ಮೈ ತುಂಬಿಸ್ತೀವಿ. ಹಾಗೇ ಇನ್ನೊಂದು ನಕಲು ಮಾಡಿಟ್ಟುಬಿಡೋಣ ಅಮ್ಮ, ಕಷ್ಟಕಾಲಕ್ಕೆ ಇರಲಿ."

ದೇವೀರಕ್ಕ ಎರಡು ಕೈಯನ್ನೂ ಗಿಣಿ ಮೇಲೆ ಕವುಚಿ ಹಾಕಿ ತಲೆ ಆಡಿಸಿದ್ಲು. ಕತ್ತು ಮುಟ್ಟಿ ತೋರಿಸಿದ್ಲು, ಮಡಿಲು ತೋರಿಸಿದ್ಲು, ಆಮೇಲೆ ಬಾಗಿಲ ಕಡೆ ಕೈ ಬೀಸಿದ್ಲು.

"ಏನಂತಾರೆ?" ಅಂದ್ರು ಮೇಡಂ.

"ಗಂಟಲು ಒಂದೇ ಇರೋದು, ಅದು ನನ್ನ ಮಡಿಲಲ್ಲೇ ಇರಬೇಕು ಅಂತಾವಳೆ. ಇನ್ನೊಂದಿದ್ರೆ ಮದುವೆ ಮನೆಯೋರು ಡಬ್ಬಿ ಕರೀತಾರೆ, ನನ್ನ ಯಾಕೆ ಕರೀತಾರೆ ಅಂತಾವಳೆ."

ಮೇಡಂ ನಗಲಿಲ್ಲ. "ಸರಿ ಅಮ್ಮ, ಮಾಡಲ್ಲ" ಅಂದ್ರು. ಮಾಡಲೂ ಇಲ್ಲ. ಕೊಟ್ಟ ಮಾತಿಗೆ ತಪ್ಪದ ಹೆಂಗಸು. ಆದ್ರೆ ಇನ್ನೊಂದು ಒಳ್ಳೇ ಕೆಲಸ ಮಾಡಿದ್ರು. ರಿಪೇರಿ ಆದ ಗಿಣಿ ಮೈಗೆ ತೆಳ್ಳಗೆ ಅರಗು ಬಳಿದ್ರು, ಬೆವರಿಗೆ ಕರಗದಿರಲಿ, ಇರುವೆ ಮುತ್ತದಿರಲಿ ಅಂತ.

ಹಿಂಗೆ ರಿಪೇರಿ ಮುಗಿಯೋ ಹೊತ್ಗೆ ಸಂಕ್ರಾಂತಿ ಬಂತು. ಹಬ್ಬದ ಮಾರನೇ ದಿನವೇ ಚಿನಕುರಳಿ ಕಡೆ ಒಂದು ಮದುವೆ, ದೇವೀರಕ್ಕಂಗೆ ಹೇಳಿ ಆಗಿತ್ತು. ಹಬ್ಬದ ದಿನವೇ ತಲುಪಲಿ ಅಂತ ಮೇಡಂ ಲ್ಯಾಬಿನ ಡ್ರೈವರ್ ಕೈಲಿ ಗಿಣಿ ಕಳಿಸಿದ್ರು. ಬರೀ ಗಿಣಿ ಕಳಿಸಕ್ಕೆ ಮನಸ್ಸು ಬರಲಿಲ್ಲವಂತೆ. ಹಬ್ಬ ಅಲ್ವಾ, ಜೊತೇಲಿ ಒಂದು ಪೊಟ್ಟಣ ಎಳ್ಳು ಬೆಲ್ಲ, ಎರಡು ಬಾಳೆಹಣ್ಣು ಇಟ್ಟಿದ್ರು. ಎಂಥ ಒಳ್ಳೇ ಬುದ್ಧಿ! ಆ ಒಳ್ಳೇ ಬುದ್ಧೀನೇ ಮನೆ ಮುಳುಗಿಸ್ತು.

ಮಧ್ಯಾಹ್ನ ನಾನು ಮನೇಲಿ ಊಟ ಮಾಡಿ, ಕಬ್ಬು ಸಿಗೀತಾ ಜಗಲೀಲಿ ಕೂತಿದ್ದೆ. ಬೀದೀಲಿ ಹೊಸ ಲಂಗದ ಹೆಣ್ಮಕ್ಕಳು ತಟ್ಟೆ ಹಿಡ್ಕಂಡು ಎಳ್ಳು ಬೀರ್ತಾ ಓಡಾಡ್ತಿದ್ರು. ನೋಡ್ತೀನಿ, ದೇವೀರಕ್ಕ ಸೊಸೆ ಪಂಕಜನ ರಟ್ಟೆ ಹಿಡಿದು ದರದರ ಎಳ್ಕಂಡು ಬತ್ತಾವಳೆ. ದೇವೀರಕ್ಕನ ಮುಖ ಸುಣ್ಣ. ಪಂಕಜ ಗೊಳೋ ಅಂತಾವಳೆ.

"ಅಣ್ಣಾ, ನನಗೇನ್ ಗೊತ್ತಣ್ಣಾ! ನಮ್ಮ ಗಿಣಿ ಕಂದ್ಹೋಗಿ ಬೆಲ್ಲದಂಗಿತ್ತು. ಇದು ಹಾಲಿನಂಗೆ ಬೆಳ್ಳಗೆ, ಥಳಥಳ ಅಂತಿತ್ತು. ಎಳ್ಳಿನ ಜೊತೆ ಬಂತು. ಲ್ಯಾಬ್ ಮೇಡಂ ಹಬ್ಬಕ್ಕೆ ಎಳ್ಳು ಬೀರವ್ರೆ ಅಂತ..."

"ಅಂತ?"

"ತಟ್ಟೇಗಿಟ್ಟು ಟೀಚರಮ್ಮನ ಮನೆಗೆ ಬೀರ್ಬುಟ್ಟೆ."

ನನ್ನ ಹೆಂಡ್ತಿ ನಿಂಗಾಜಮ್ಮ ಒಳಗಿಂದ, "ಅಯ್ಯೋ, ಬಂದ ಅಚ್ಚು ಯಾರಾದ್ರೂ ಇಟ್ಕತಾರಾ? ಮುಂದಿನ ಮನೆಗೆ ದಾಟ್ಸೋದೇ ತಾನೇ!" ಅಂದ್ಲು. ನಿಜ ತಾನೇ? ನಮ್ಮ ಸೀಮೇಲಿ ಒಂದು ಸಕ್ಕರೆ ಆನೆ ಹಬ್ಬದ ದಿನ ಎಷ್ಟು ಮನೆ ಸುತ್ತುತದೆ ಅಂತ ಆನೆಗೂ ಗೊತ್ತಿರಲ್ಲ.

ಬಿದ್ದಂಬೀಳ ಓಡಿದ್ವಿ. ಲಲಿತಮ್ಮ ಟೀಚರ್ ಬಾಗಿಲಲ್ಲೇ ನಿಂತಿದ್ರು.

"ಟೀಚರಮ್ಮಾ, ಗಿಣಿ!"

"ಯಾವ ಗಿಣಿ? ಎಳ್ಳು ತಗಳಿ ಮೊದಲು. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ."

"ಒಳ್ಳೇ ಮಾತೇ ಟೀಚರಮ್ಮ, ಪಂಕಜ ಕೊಟ್ಟ ಗಿಣಿ ಅಚ್ಚು ಎಲ್ಲಿ?"

"ಓ ಅದಾ! ಎಷ್ಟು ಚೆನ್ನಾಗಿತ್ತು ಅಂತೀನಿ. ಈಗಷ್ಟೇ ಮಾಯಿಗೌಡರ ಮನೆಗೆ ಕೊಟ್ಟೆ."

ಮಾಯಿಗೌಡನ ಮನೆ ಮುಂದೆ ಅವನ ಎತ್ತು ನಿಂತಿತ್ತು. ಹೆಸರು ಜಮೇದಾರ. ಹಳ್ಳಿಕಾರ್ ತಳಿ, ಬೆನ್ನು ನೋಡಿದ್ರೆ ಮೇಲೆ ಹಾಸಿಗೆ ಹಾಸಿ ಮಲಗಾನ ಅನ್ನಿಸ್ತದೆ. ಕೊಂಬಿಗೆ ಬಣ್ಣ, ಮೈಗೆ ಅರಿಸಿನ, ಕೊರಳಿಗೆ ಗೆಜ್ಜೆ, ಸಂಜೆ ಕಿಚ್ಚು ಹಾಯೋಕೆ ಮದುವಣಿಗನಂಗೆ ರೆಡಿ. ಮಾಯಿಗೌಡನ ಹೆಂಡ್ತಿ ಜಯಕ್ಕ ಅದರ ಗಂಗೆದೊಗಲು ಸವರ್ತಾ ನಿಂತಿದ್ಲು.

"ಜಯಕ್ಕಾ, ಟೀಚರ್ ಕೊಟ್ಟ ಗಿಣಿ?"

"ನಮ್ಮ ಜಮೇದಾರ ತಿಂದ" ಅಂತ ಮುಖ ಅರಳಿಸಿದ್ಲು ಜಯಕ್ಕ. "ಹಬ್ಬ ಇವನದ್ದೇ ಅಲ್ವಾ, ಒಳ್ಳೇ ಅಚ್ಚು ಇವನಿಗೇ ಸೇರಲಿ ಅಂತ ಪೊಂಗಲ್ ಉಂಡೆ ಒಳಗಿಟ್ಟು ಕೊಟ್ಟೆ."

ಪಂಕಜ ಅಲ್ಲೇ ಕುಸಿದು ಕೂತ್ಲು. ದೇವೀರಕ್ಕ ಕೂರಲಿಲ್ಲ, ಅಳಲೂ ಇಲ್ಲ. ಎತ್ತಿನ ಹೊಟ್ಟೆನೇ ನೋಡ್ತಾ ನಿಂತ್ಲು. ಅವಳ ಕೈ ಎರಡೂ ಸುಮ್ನೆ ಜೋತಾಡ್ತಿದ್ವು. ಆ ಕೈ ಸುಮ್ಕಿದ್ದದ್ದು ನಾನು ಅದೇ ಮೊದಲು ನೋಡಿದ್ದು.

ಲ್ಯಾಬಿಗೆ ಫೋನ್ ಹಾಕ್ದೆ. ಹಬ್ಬದ ದಿನವೂ ಮೇಡಂ ಅಲ್ಲೇ ಇದ್ರು, ಯಾವುದೋ ಪಾಕ ಕಾಯ್ತಾ.

"ಎತ್ತಾ?" ಅಂದ್ರು. "ಸಿಂಗ್ರಯ್ಯನವರೇ, ಕಚ್ಚಿ ತಿಂತೋ, ಹಾಗೇ ನುಂಗ್ತೋ ಕೇಳಿ."

"ಜಯಕ್ಕಾ, ಕಚ್ಚಿದ್ನಾ ನುಂಗಿದ್ನಾ?"

"ಗುಳುಂ" ಅಂದ್ಲು ಜಯಕ್ಕ.

"ಗುಳುಂ ಮೇಡಂ!"

ಫೋನಲ್ಲಿ ಮೇಡಂ ಕೂಗಿದ್ರು ನೋಡಿ, ಕಿವಿ ಗುಂಯ್ ಅಂತು. "ಹಾಗಾದ್ರೆ ಗಿಣಿ ಇನ್ನೂ ಇದೆ! ಅರಗು ಹಚ್ಚಿದೀವಿ, ಎತ್ತಿನ ಮೊದಲನೇ ಹೊಟ್ಟೇಲಿ ಅರಗು ಬೇಗ ಕರಗಲ್ಲ. ಸಂಜೆವರೆಗೂ ತಡೀಬಹುದು. ನಿಮ್ಮಂಗಡಿ ದೊಡ್ಡ ಬಳೆ ತಂದು ಹೊಟ್ಟೆಗೆ ಹಿಡಿದು ನೋಡಿ. ನಾನು ಹೊರಟೆ!"

ಅಷ್ಟೊತ್ಗೆ ಮಾಯಿಗೌಡ ಒಳಗಿಂದ ಪಂಚೆ ಎತ್ತಿ ಕಟ್ಕಂಡು ಬಂದ. ವಿಷಯ ಕೇಳಿ ಮೀಸೆ ಕುಣಿಸ್ದ.

"ಏನ್ಲಾ ಸಿಂಗ್ರ, ನನ್ನ ಎತ್ತು ನಿನ್ನ ಕಣ್ಣಿಗೆ ರೇಡಿಯೋ ಥರ ಕಾಣ್ತದೇನ್ಲಾ?"

"ರೇಡಿಯೋಗಿಂತ ಮೇಲು ಗೌಡ್ರೇ, ಒಂದು ಬಳೆ ಹಿಡೀತೀನಿ ಅಷ್ಟೇ."

"ತಂತಿ ಗಿಂತಿ ಕಟ್ಟಿ ಕರೆಂಟ್ ಹೊಡ್ಸಿದ್ರೆ? ಇವತ್ತು ಊರಿನ ಮುಂದೆ ಮೊದಲು ಕಿಚ್ಚು ಹಾಯೋನು ಇವನು. ನಡೀ ಅತ್ಲಾಗೆ!"

ಆಗ ದೇವೀರಕ್ಕ ಮುಂದೆ ಬಂದ್ಲು. ಸನ್ನೆ ಮಾಡಲಿಲ್ಲ. ಮಾಯಿಗೌಡನ ಕೈ ಹಿಡಿದು ತನ್ನ ಕತ್ತಿನ ಮೇಲೆ, ಆ ಹೊಲಿಗೆ ಗಾಯದ ಮೇಲೆ ಇಟ್ಕಂಡ್ಲು. ಗೌಡನ ಮದುವೇಲಿ ಒಪ್ಪಿಸೋ ಪದ ಹೇಳಿದ್ದು ಅವಳೇ. ಅವನ ಮಗಳ ಮದುವೇಲೂ ಅವಳೇ. ಜಯಕ್ಕ ಗಂಡನ್ನ ಕಣ್ಣಲ್ಲೇ ಚುಚ್ಚಿದ್ಲು.

ಗೌಡ ಕೈ ತಕ್ಕಂಡ. ಕೆಮ್ಮಿದ. "ತತ್ತಾ ನಿನ್ನ ಬಳೆ" ಅಂದ. "ಆದ್ರೆ ಒಂದು ತಿಳ್ಕಾ. ಇವನು ನಿಂತ್ರೆ ಮಲಗ್ತಾನೆ, ಮಲಗಿದ್ರೆ ಮೆಲುಕು ಹಾಕ್ತಾನೆ. ನುಂಗಿದ್ದೆಲ್ಲ ಬಾಯಿಗೆ ಬತ್ತದೆ. ಆಗ ನಿಮ್ಮ ಗಿಣಿ ಕಟುಮ್! ಅದಕ್ಕೇ ನಡೆಸ್ತಾನೇ ಇರಬೇಕು. ನಿಲ್ಲಂಗಿಲ್ಲ."

ಅಂಗಡಿಗೆ ಓಡಿ, ಮೊರದಗಲದ ಬಳೆ ತಂದೆ. ಡಬ್ಬಿಗೆ ಸಿಕ್ಕಿಸಿ, ಜಮೇದಾರನ ಎಡಪಕ್ಕೆಗೆ ಒತ್ತಿದೆ. ಗುಡುಗುಡು ಅಂತು. ಬುಡಬುಡ ಅಂತು. ಸ್ವಲ್ಪ ಮೇಲೆ ಸರಿಸ್ದೆ. ಹಿಂದೆ ಸರಿಸ್ದೆ. ಏನೂ ಇಲ್ಲ. ಬೆವರು ಕಣ್ಣಿಗಿಳೀತು. ಇನ್ನೊಂದು ಗೇಣು ಕೆಳಗೆ ಹಿಡಿದೆ ನೋಡಿ...

"ಅರಿಸಿನವ ಹಚ್ಚಿರೇ ಅಕ್ಕಯ್ಯದೀರೆಲ್ಲ, ಸೋ..."

ಎತ್ತಿನ ಹೊಟ್ಟೆಯಿಂದ ದೇವೀರಕ್ಕನ ದನಿ! ನೀರು ಕಾಯಿಸೋ ಹಂಡೆ ಒಳಗಿಂದ ಬಂದಂಗೆ, ಆದ್ರೂ ಅವಳದೇ! ನನ್ನ ಮೈಮೇಲಿನ ಕೂದಲೆಲ್ಲ ನಿಗುರ್ಕಂಡ್ವು. ಪಂಕಜ ಎದ್ದು ಕುಣಿದಾಡಿದ್ಲು. ಜಯಕ್ಕ, "ನಮ್ಮ ಜಮೇದಾರ ಹಾಡ್ತಾನೆ ಕಣ್ರೇ!" ಅಂತ ಬೀದಿಗೆಲ್ಲ ಕೂಗಿದ್ಲು. ಎಳ್ಳಿನ ತಟ್ಟೆ ಹಿಡಿದಿದ್ದ ಹೆಣ್ಮಕ್ಕಳೆಲ್ಲ ತಟ್ಟೆ ಸಮೇತ ಓಡಿಬಂದ್ರು. ಒಬ್ಬ ಮುದುಕ ಎತ್ತಿಗೆ ಅಡ್ಡಬಿದ್ದ. ದೇವೀರಕ್ಕ ಎತ್ತಿನ ಪಕ್ಕೆಗೆ ಕೆನ್ನೆ ಇಟ್ಟು, ಅರಿಸಿನ ಮೆತ್ತಿದ ಮುಖದಲ್ಲೇ ಬಾಯಿ ಆಡಿಸ್ತಾ ಪದದ ಜೊತೆ ಹೆಜ್ಜೆ ಹಾಕಿದ್ಲು.

ಶುರುವಾಯ್ತು ಮೆರವಣಿಗೆ. ಮುಂದೆ ಮಾಯಿಗೌಡ ಹಗ್ಗ ಹಿಡಿದು, ನಡುವೆ ಜಮೇದಾರ, ಪಕ್ಕದಲ್ಲಿ ನಾನು ಬಗ್ಗಿಕೊಂಡು ಬಳೆ ಒತ್ತಿ, ಹಿಂದೆ ಊರೇ ಊರು. ಪಡುವಲ ಬೀದಿ ಮುಗಿದ್ರೆ ಮೂಡಲ ಬೀದಿ, ಮೂಡಲ ಬೀದಿ ಮುಗಿದ್ರೆ ವಾಪಸ್. ಎತ್ತು ನಿಲ್ಲೋ ಹಂಗಾದ್ರೆ ಹೆಂಗಸರೆಲ್ಲ ಜಾಗಟೆ ಬಡಿಯೋರು. ನನ್ನ ಸೊಂಟ ಅಲ್ಲೇ ಎಲ್ಲೋ ಬಿದ್ದೋಯ್ತು, ಇವತ್ತಿಗೂ ಸಿಕ್ಕಿಲ್ಲ.

ಮೈಸೂರು ವ್ಯಾನ್ ಬಂತು. ತಸ್ಲೀಮಾ ಮೇಡಂ ಕೋಟು ಕೂಡ ಬಿಚ್ಚಿರಲಿಲ್ಲ, ಕೈಲಿ ಉದ್ದನೇ ಫ್ಲಾಸ್ಕು. ಅದರ ತುಂಬ ಬಿಸಿ ಪಾಕ, ನಡುವೆ ದಾರದಲ್ಲಿ ತೂಗ್ತಿರೋ ಒಂದು ಸಣ್ಣ ಹರಳು. ಹಾಡು ಬಳೆಯಿಂದ ಫ್ಲಾಸ್ಕಿಗೆ ಹರಿದಂಗೆಲ್ಲ ಆ ಹರಳಿನ ಸುತ್ತ ಹೊಸ ಸಕ್ಕರೆ ಬೆಳೀಬೇಕು.

ಮೇಡಂ ದೇವೀರಕ್ಕನ ಮುಖ ನೋಡಿದ್ರು. "ಅಮ್ಮ, ನಕಲು ಮಾಡ್ಲಾ?"

ದೇವೀರಕ್ಕನ ಕೈ ಎರಡೂ ಎದ್ವು. ಅಪ್ಪಾ, ಏನ್ ಬೈಗುಳ! ಮಾಡೂ, ಬೇಗ ಮಾಡೂ, ನಿಂತ್ಕಂಡು ಮುಖ ಏನ್ ನೋಡ್ತೀಯ ಅಂತ. ಮೇಡಂಗೆ ನಾನು ಹೇಳಬೇಕಾಗಲೇ ಇಲ್ಲ.

ವ್ಯಾನೇ ಕಂಟ್ರೋಲ್ ರೂಮ್ ಆಯ್ತು. ಬಾಗಿಲು ತೆಗೆದು, ಒಳಗೆ ಪರದೆ ಹಚ್ಚಿ, ಎತ್ತಿನ ಪಕ್ಕ ಪಕ್ಕವೇ ಮೆಲ್ಲಗೆ ಓಡಿಸ್ಕಂಡು ಬಂದ್ರು. ಮೇಡಂ ಬಾಗಿಲಲ್ಲಿ ಕಾಲು ಇಳಿಬುಟ್ಟು ಕೂತು ಕೂಗ್ತಿದ್ರು, "ಅರಿಸಿನದ ಹಾಡು ಬಂತು! ಧಾರೆ ಹಾಡು ಬಂತು! ಸಿಂಗ್ರಯ್ಯನವರೇ ಬಳೆ ಅಲ್ಲಾಡಿಸಬೇಡಿ, ಹೊಟ್ಟೆ ಸದ್ದೆಲ್ಲ ಜೊತೇಲಿ ಬರ್ತಿದೆ!"

"ನಾನು ಅಲ್ಲಾಡಿಸ್ತಿಲ್ಲ ಮೇಡಂ, ಎತ್ತು ಅಲ್ಲಾಡಿಸ್ತೈತೆ!"

"ಎತ್ತಿಗೆ ಹೇಳಿ!"

"ನೀವೇ ಹೇಳಿ ಮೇಡಂ, ಓದಿರೋರು!"

ಬೀಗರ ಪದನೂ ಬಂತು. ಎತ್ತಿನ ಹೊಟ್ಟೆ "ನಾಯಿಗೂ ಏನೂ ಮಿಕ್ಕಿಲ್ಲ" ಅಂದಾಗ ಬೀದಿ ಬೀದಿನೇ ಬಿದ್ದು ಬಿದ್ದು ನಕ್ತು. ಇನ್ನು ಉಳಿದದ್ದು ಒಂದೇ, ಗಿಣಿಯ ನಟ್ಟನಡುವೆ ಕೂತಿದ್ದ ಒಪ್ಪಿಸೋ ಪದ. ಅದಿಲ್ದೆ ಯಾವ ಮದುವೇನೂ ಮುಗಿಯಲ್ಲ. ಅಷ್ಟೊತ್ಗೆ ಹೊತ್ತು ಇಳೀತು. ಊರ ಮುಂದೆ ಹುಲ್ಲು ಹಾಸಿ ಬೆಂಕಿ ಹಚ್ಚಿದ್ರು. ಕಿಚ್ಚು ಭಗ್ ಅಂತ ಎದ್ದದ್ದೇ ತಡ, ಜಮೇದಾರ ಕಿವಿ ನಿಗುರಿಸ್ದ. ಬಾಲ ಮೇಲೆತ್ತಿದ.

"ಗೌಡ್ರೇ, ಹಿಡ್ಕಳಿ, ಇನ್ನೊಂದು ಪದ!" ಅಂದೆ.

"ಇವನ್ನ ಬೆಂಕಿ ಮುಂದೆ ಹಿಡ್ದೋರು ಯಾರೂ ಹುಟ್ಟಿಲ್ಲ ಕಣ್ಲಾ!" ಅಂತ ಗೌಡ ಹೆಮ್ಮೆಯಿಂದ್ಲೇ ಕೂಗಿ ಹಗ್ಗ ಬುಟ್ಬುಟ್ಟ.

ಡಬ್ಬಿ "ಹೋಗಿ ಬಾರವ್ವ ಕಂದಾ" ಅಂತ ಶುರು ಮಾಡಿತ್ತು. ಎತ್ತು ಓಡ್ತು. ನಾನೂ ಓಡ್ದೆ. ಬಳೆ ಬುಟ್ರೆ ಪದ ಹೋಯ್ತು, ಬುಡದಿದ್ರೆ ನಾನು ಹೋದೆ. ಒಂದು ಕೈಲಿ ಬಳೆ, ಇನ್ನೊಂದು ಕೈಲಿ ಎತ್ತಿನ ಹೊಟ್ಟೆಗೆ ಸುತ್ತಿದ್ದ ಹೂವಿನ ಹಗ್ಗ. ಪಕ್ಕದಲ್ಲಿ ವ್ಯಾನ್ ಹೊಂಡ ಹೊಂಡ ಹಾರ್ತಾ ಬತ್ತೈತೆ, ಮೇಡಂ ಫ್ಲಾಸ್ಕನ್ನ ಹಸುಗೂಸಿನಂಗೆ ಎದೆಗವಚ್ಕಂಡು, "ಬಿಡಬೇಡಿ, ಬಿಡಬೇಡಿ, ಅರ್ಧ ಬಂತು!" ಅಂತಾವ್ರೆ. ದೇವೀರಕ್ಕ ಸೀರೆ ಎತ್ತಿ ಕಟ್ಟಿ ನನ್ನ ಹಿಂದೆ ಓಡಿಬತ್ತಾವಳೆ, ಓಡ್ತಾ ಓಡ್ತಾನೇ ಬಾಯಿ ಆಡಿಸ್ತಾವಳೆ.

ಎದುರಿಗೆ ಕಿಚ್ಚು. ಜಮೇದಾರ ನೆಲ ಬುಟ್ಟ. ನನ್ನ ಕಾಲೂ ನೆಲ ಬುಡ್ತು. ನಂಬ್ರಪ್ಪಾ! ಕೆಳಗೆ ಬೆಂಕಿ, ಮೇಲೆ ಆಕಾಶ, ನಡುವೆ ನಾನು ಎತ್ತಿನ ಪಕ್ಕೇಲಿ ಬಾವಲಿ ಹಂಗೆ ಜೋತಾಡ್ತಾ, ಕಿವಿ ಪಕ್ಕ ದೇವೀರಕ್ಕ "ತವರ ಮರೀಬ್ಯಾಡ" ಅಂತ ಹಾಡ್ತಾವಳೆ. ಮೇಲಿಂದ ನನ್ನ ಮನೆ ಹಂಚು ಕಾಣಿಸ್ತು. ಒಂದು ಹಂಚು ಒಡೆದಿತ್ತು, ಮಾರನೇ ದಿನ ಬದಲಾಯಿಸ್ದೆ.

ಆಚೆ ಕಡೆ ದೊಪ್ ಅಂತ ಬಿದ್ದೆ. ಪಂಚೆ ಅಂಚು ಹತ್ಕಂಡು ಉರೀತಿತ್ತು, ನಿಂಗಾಜಮ್ಮ ಎಲ್ಲಿಂದ್ಲೋ ಬಂದು ಬಿಂದಿಗೆ ನೀರು ಹುಯ್ದು, ನಾಲ್ಕು ಮಾತನ್ನೂ ಹುಯ್ದ್ಲು. ವ್ಯಾನ್ ಬೆಂಕಿ ಸುತ್ತ ಬಳಸ್ಕಂಡು ಬಂದು ನಿಂತ್ಕಂತು.

"ಮೇಡಂ, ಬಂತಾ?"

ಮೇಡಂ ಪರದೆ ನೋಡ್ತಾವ್ರೆ. ಊರೆಲ್ಲ ಮೇಡಂನ ನೋಡ್ತೈತೆ. ದೇವೀರಕ್ಕ ಏದುಸಿರು ಬುಡ್ತಾ ಕತ್ತು ಹಿಡ್ಕಂಡು ನಿಂತವಳೆ.

"ಬಂತು!" ಅಂದ್ರು ಮೇಡಂ. "ಪೂರ್ತಿ ಬಂತು!"

ಹೋ ಅಂತ ಎದ್ದ ಕೂಗಿಗೆ ಮರದ ಮೇಲಿದ್ದ ಕೊಕ್ಕರೆಯೆಲ್ಲ ಹಾರೋದ್ವು. ಮೇಡಂ ಫ್ಲಾಸ್ಕಿನಿಂದ ದಾರ ಎತ್ತಿದ್ರು. ತುದೀಲಿ ಹರಳು ಬೆಳ್ಕಂಡಿತ್ತು, ಗಿಣಿನೂ ಅಲ್ಲ ಆನೆನೂ ಅಲ್ಲ, ಸೋರೆಕಾಯಿ ಥರ ಸೊಟ್ಟಂಪಟ್ಟ. ದೇವೀರಕ್ಕ ಅದನ್ನ ಎರಡು ಕೈಲೂ ಈಸ್ಕಂಡು, ಮೇಡಂ ಕೆನ್ನೆ ಸವರಿ ಲಟಿಕೆ ಮುರಿದ್ಲು. ಅತ್ಲಾಗೆ ಜಮೇದಾರ ಸುಸ್ತಾಗಿ 'ಉಸ್' ಅಂತ ಮಲಗಿ, ಕಣ್ಣು ಅರ್ಧ ಮುಚ್ಚಿ, ದವಡೆ ಆಡಿಸಕ್ಕೆ ಶುರು ಮಾಡ್ದ. ಸ್ವಲ್ಪ ಹೊತ್ತಿಗೆ ಒಳಗಿಂದ ಸದ್ದು ಬಂತು.

ಕಟುಮ್.

"ಹೇಳ್ಲಿಲ್ವಾ?" ಅಂದ ಮಾಯಿಗೌಡ.

ಮಾರನೇ ದಿನ ಚಿನಕುರಳಿ ಕಡೆ ಮದುವೆಗೆ ನಾನೂ ಹೋದೆ, ಸೊಂಟಕ್ಕೆ ಪಟ್ಟಿ ಕಟ್ಕಂಡು. ಮೇಡಮ್ಮೂ ಬಂದಿದ್ರು. ಗಂಡಿನ ಕಡೆಯೋರು ಮೈಸೂರಾಚೆಯೋರು, ದೇವೀರಕ್ಕನ ಕಥೆ ಏನೂ ಗೊತ್ತಿಲ್ಲ. ಅರಿಸಿನಕ್ಕೆ ಪದ ಬಂತು, ಹಿಂದೆ ಸಣ್ಣಗೆ ಗೆಜ್ಜೆ ಸದ್ದು. "ಅಬ್ಬಾ, ತಾಳ ಎಷ್ಟು ಚೆಂದ" ಅಂದ್ರು. ಧಾರೆ ಪದದಲ್ಲಿ ಗುಡುಗುಡು. "ಮೃದಂಗದೋರು ಎಲ್ಲವ್ರೆ?" ಅಂತ ಒಬ್ಬ ಹುಡುಕ್ದ. ನಾನು, ಮೇಡಂ ಒಬ್ಬರ ಮುಖ ಒಬ್ಬರು ನೋಡ್ಕಳ್ದೆ ಪಾಯಸ ಉಂಡ್ವಿ.

ಕಡೆಗೆ ಹೆಣ್ಣು ಒಪ್ಪಿಸೋ ಹೊತ್ತು. ಅವ್ವ ಮಗಳು ತಬ್ಕಂಡವ್ರೆ. ಅಪ್ಪ ಟವೆಲ್ ಬಾಯಿಗೆ ಒತ್ಕಂಡವ್ನೆ. "ಹೋಗಿ ಬಾರವ್ವ ಕಂದಾ" ಅಂತ ದೇವೀರಕ್ಕನ ದನಿ ಚಪ್ಪರ ತುಂಬ್ತು. ಕಣ್ಣು ಒಣಗಿದ್ದೋರು ಒಬ್ರೂ ಇಲ್ಲ. "ತವರ ಮರೀಬ್ಯಾಡ" ಅನ್ನೋ ಜಾಗಕ್ಕೆ ಬಂತು. ನನಗೆ ತಟ್ಟನೆ ಜ್ಞಾಪಕ ಬಂತು, ಇದು ನಾವು ಬೆಂಕಿ ಮೇಲಿದ್ದ ಜಾಗ. ಮೇಡಂ ನನ್ನ ತೋಳು ಹಿಡ್ಕಂಡ್ರು.

"ಅಂಬಾಆಆ!"

ಜಮೇದಾರ. ಪೂರ್ತಿ ದನೀಲಿ, ಡಬ್ಬಿ ಒಡೆಯೋ ಹಂಗೆ.

ಎಲ್ಲರ ಕಣ್ಣೂ ದೇವೀರಕ್ಕನ ಮೇಲೆ. ಅವಳೋ, ಒಂದು ಚೂರೂ ಅಳುಕಲಿಲ್ಲ. ಮದುವಣಗಿತ್ತಿ ತಲೆ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ, ಕತ್ತು ಮೇಲೆತ್ತಿ, ತುಟಿ ಉಂಡೆ ಮಾಡಿ, ಆ ಅಂಬಾಗೂ ಬಾಯಿ ಕೊಟ್ಲು. ಕಡೇವರೆಗೂ ಕೊಟ್ಲು. ಅದು ಮುಗಿಯೋ ಕಡೆ ಬಾಯಿ ಮುಚ್ಚಿ, ಉಸಿರು ಎಳ್ಕಂಡು, ಮುಂದಿನ ಸಾಲಿಗೆ ಹೋದ್ಲು.

ಅಳ್ತಿದ್ದ ಮದುವಣಗಿತ್ತಿ ಮೂಗೊರಸ್ಕಂಡು ಕಿಸಕ್ಕನೆ ನಕ್ಬುಟ್ಲು. ಗಂಡಿನ ಅಜ್ಜಿ ಮಾತ್ರ ನಗಲಿಲ್ಲ. ಕೋಲೂರ್ಕಂಡು ಎದ್ದು ಬಂದು, ದೇವೀರಕ್ಕನ ಗದ್ದ ಹಿಡಿದು ಹೇಳಿದ್ಲು:

"ಏನ್ ಗಂಟಲು ಕಣವ್ವಾ ನಿಂದು! ಈ ವಯಸ್ಸಲ್ಲೂ!"